ಮಲ್ಯಾ ಎಂದರೆ ಏಳುವವನು

ಸಿಂದಗಿ
17 ನವೆಂಬರ್ 2024

ಅಕ್ಕ ಕಾಶಿಬಾಯಿಗೆ,

ಹೆಸರು ಮುರಿದು ಕರೆಯುವವರೇ ನಮ್ಮವರು ಎಂದು ನೀನು ಯಾವಾಗಲೋ ಹೇಳಿದ್ದೆ. ಅವ್ವನ ಮಣ್ಣಾದ ದಿನವೋ, ನನ್ನ ಮದುವೆಯಲ್ಲೋ, ಸರಿಯಾಗಿ ನೆನಪಿಲ್ಲ. ಹೋದ ತಿಂಗಳ ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾನೆ. ನೀನು ನಿಧಾನವಾಗಿ ಓದುತ್ತೀ ಎಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಮುದ್ದೇಬಿಹಾಳದಲ್ಲಿ ಚಳಿ ಹೇಗಿದೆ? ಮೊಣಕಾಲು?

ಕಾಲೇಜಿನಲ್ಲಿ ಈ ವಾರ ಹಳಗನ್ನಡದ ಪಾಠವಿತ್ತು. ಹಳೆಯ ಕವಿಗಳು ಒಂದನ್ನು ಕಿರಿದು ಮಾಡಿ ಹತ್ತಿರ ತಂದುಕೊಳ್ಳುತ್ತಾರೆ: ಎಳಗರು, ಕಿರುನಗೆ, ಕಿರುಗೆಜ್ಜೆ. ಚಿಕ್ಕದಾಗಿಸುವುದೆಂದರೆ ಮುದ್ದಿಸುವುದು ಎಂದು ಹುಡುಗರಿಗೆ ಹೇಳಿ ಮನೆಗೆ ಬಂದೆ. ಅಪ್ಪ ಅಂದೂ ಉಂಡಿರಲಿಲ್ಲ.

ಅವನ ಮರೆವು ನಿನಗೆ ಗೊತ್ತೇ ಇದೆ. ಈಗ 'ಅಪ್ಪಾ' ಎಂದರೂ ತಿರುಗುವುದಿಲ್ಲ. ನನ್ನ ಹೆಂಡತಿ ಭಾಗ್ಯಾ ತಟ್ಟೆ ಹಿಡಿದು, "ಮಾವಾರ, ನುಚ್ಚ ಮೆತ್ತಗ ಮಾಡೇನಿ, ಒಂದ ತುತ್ತ ತಗೋರಿ" ಎಂದು ಬೇಡುತ್ತಾಳೆ. ಬಾಯಿ ಬಿಗಿದು ಗೋಡೆ ನೋಡುತ್ತಾನೆ. ಡಾಕ್ಟರು 'ಮಲ್ಲಣ್ಣನವರೇ' ಎಂದಾಗ, ಹಿಂದೆ ಬೇರೆ ಯಾರೋ ನಿಂತಿರಬೇಕು ಎಂಬಂತೆ ನೋಡಿದ. ಹೀಗೇ ಆದರೆ ಮೂಗಿಗೆ ನಳಿಕೆ ಹಾಕಿ ಉಣಿಸಬೇಕಾಗುತ್ತದಂತೆ.

ಶುಕ್ರವಾರ ನಮ್ಮೂರಿನ ಮಲಿಕಸಾಬ ಕಾಕಾ ಬಂದ. ಗೌಡರ ಹೊಲದಲ್ಲಿ ಅಪ್ಪನ ಜೊತೆ ದುಡಿದವನು. ಬಾಗಿಲಲ್ಲೇ ಕೂಗಿದ:

"ಏ ಮಲ್ಯಾ! ಇನ್ನೂ ಜಾಗಾ ಖಾಲಿ ಮಾಡಿಲ್ಲೇನಲೇ?"

ಅಪ್ಪ ಥಟ್ಟನೆ ಎದ್ದು ನಿಂತ. ಕಾಕಾ ನಕ್ಕ.

"ನೋಡ್ರಿ ಮಾಸ್ತರ, ಮರ್ಯಾದಿ ಹಚ್ಚಿ ಹಚ್ಚಿ ಮುದುಕನ್ನ ಉಪಾಸ ಕೆಡವೀರಿ. ಇಡೀ ಊರ ಮಲ್ಯಾ ಅಂತಿತ್ತು. ಗೌಡ್ರ ಸಣ್ಣ ಹುಡುಗ್ರೂ ಅಂತಿದ್ವು. ಈಗ ಅಣ್ಣ ಹಚ್ಚಿದ್ರ ಇಂವಗ ಹೆಂಗ ತಿಳೀಬೇಕ?"

ಭಾಗ್ಯಾ ನನ್ನತ್ತ ನೋಡಿದಳು. "ನೀವಽ ಕರೀರಿ. ಸೊಸಿ ನಾ, ಹೆಂಗ ಕರೀಲಿ?"

ನಾನು ಹೊರಗೆ ಹೋಗಿ ಕುಂಡಗಳಿಗೆ ನೀರು ಹಾಕಿದೆ.

ಮಗಳು ಪ್ರಜ್ಞಾ ಪರೀಕ್ಷೆಗೆ ಓದುತ್ತಿದ್ದಾಳೆ, ಅತ್ತೆಯನ್ನು ಕೇಳಿದೆನೆಂದು ತಿಳಿಸಲು ಹೇಳಿದ್ದಾಳೆ. ನಿನ್ನ ಮೊಮ್ಮಕ್ಕಳು ಸುಖವಾಗಿರಲಿ. ಔಷಧ ಬಿಡಬೇಡ.

ನಿನ್ನ ತಮ್ಮ,
ಸುಭಾಸ

ತಾ.ಕ.: ನಿನ್ನೆ ನಾನೂ ಹಾಗೇ ಕರೆದೆ. ಗೌಡರು ಕರೆಯುತ್ತಿದ್ದ ದನಿಯಲ್ಲೇ ಬಂತು. ಅಪ್ಪ ಎದ್ದು ನಿಂತ, ಕೂಡು ಎಂದರೆ ನೆಲಕ್ಕೆ ಕೂತ, ತಟ್ಟೆ ಬಳಿದು ಉಂಡ. ಆಮೇಲೆ ನನಗೆ ಕೈಮುಗಿದು, "ಗೌಡ್ರ, ನಿಮ್ಮ ಪಾದಾ ಹಿಡೀತೇನ್ರಿ, ನನ್ನ ಮಗನ್ನ ದನಾ ಕಾಯಾಕ ಕರೀಬ್ಯಾಡ್ರಿ. ಅಂವಾ ಸಾಲಿ ಕಲೀಲ್ರಿ" ಎಂದ. ಮುಗಿದ ಕೈ ಇಳಿಸದೆ ನನ್ನ ಉತ್ತರಕ್ಕೆ ಕಾದ. ಇವತ್ತು ಉಂಡ ಮೇಲೂ ಅದೇ. ಅಂದು ಅಪ್ಪ ಹೀಗೆ ಬೇಡಿಕೊಳ್ಳಲು ಹೋದಾಗ ನೀನೂ ಅವನ ಜೊತೆ ಗೌಡರ ವಾಡೆಗೆ ಹೋಗಿದ್ದೆ. ನಾನು ಶಾಲೆಯಲ್ಲಿ ಉಳಿದೆ. ನೀನು ಆ ವಾರವೇ ಪಾಟಿ-ಪುಸ್ತಕ ಬಿಟ್ಟು ಅವರ ದನಗಳ ಹಿಂದೆ ಹೋದೆ. ಗೌಡರು ಅಪ್ಪನಿಗೆ ಏನು ಹೇಳಿದ್ದರು, ಅಕ್ಕ?