ಖಾಲಿ ಬಿಲ್ಲೆಯ ನೀರು

ಬೆಟ್ಟದ ಮೇಲಿನ ಕೇಂದ್ರ
ಗುರುವಾರ, ಮೇ ೯, ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಹೇಗಿದೆ? ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೀರೋ, ಇಲ್ಲ ಬಾಟಲಿಯನ್ನು ಮೊಳೆ ಡಬ್ಬದ ಪಕ್ಕ ಇಟ್ಟು ಮರೆತಿದ್ದೀರೋ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ಇದು ನನ್ನ ಒಂಬತ್ತನೇ ಕಾಗದ. ನೀವು ಒಂದಕ್ಕೂ ಉತ್ತರ ಬರೆಯಲಿಲ್ಲ. ಬರೆಯುವುದೆಂದರೆ ನಿಮಗೆ ಮೊದಲಿನಿಂದಲೂ ಆಗದು, ಗೊತ್ತು. ಆದರೂ ಜೀಪು ಬಂದಾಗಲೆಲ್ಲ ಅಂಚೆ ಚೀಲದೊಳಗೆ ಕೈ ಹಾಕಿ ತಡಕುತ್ತೇನೆ.

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಅರ್ಧ ಸುಳ್ಳು. ಜ್ವರ, ಕೆಮ್ಮು ಏನೂ ಇಲ್ಲ. ಜೊತೆಗಿದ್ದ ಹುಡುಗಿ ಕೆಲಸ ಬಿಟ್ಟು ಹೋದ ಮೇಲೆ ಇಲ್ಲಿ ನಾನೊಬ್ಬಳೇ. ಒಂದು ತಟ್ಟೆ, ಒಂದು ಲೋಟ, ತೊಳೆಯಲು ಎರಡೇ ನಿಮಿಷ. ಮೊನ್ನೆ ಕುದಿಯುವ ಕೆಟಲಿಗೆ "ಬಂದೆ ಬಂದೆ, ಯಾಕಷ್ಟು ಕೂಗ್ತೀಯ" ಎಂದು ಉತ್ತರ ಕೊಟ್ಟೆ. ಹದಿನೈದು ದಿನಕ್ಕೊಮ್ಮೆ ಅಕ್ಕಿ, ಗ್ಯಾಸು ತರುವ ಜೀಪಿನವರ ಜೊತೆ ಹತ್ತು ನಿಮಿಷ ಮಾತು. ವಾರಕ್ಕೊಮ್ಮೆ ಕೆಳಗಿನ ಆಫೀಸಿನಿಂದ ನಮ್ಮ ಮೇಡಂ ಫೋನು. ಅವರ ಬಾಯಲ್ಲಿ ಬರುವುದೆಲ್ಲ ಸೊನ್ನೆಗಿಂತ ಕೆಳಗಿನ ಅಂಕೆಗಳೇ ಆದ್ದರಿಂದ ನಾನು ಅವರಿಗೆ ಮೈನಸ್ ಮೇಡಂ ಎಂದು ಹೆಸರಿಟ್ಟಿದ್ದೇನೆ. ಅವರಿಗೆ ಗೊತ್ತಿಲ್ಲ.

ನಾನು ಈ ಕೆಲಸಕ್ಕೆ ಸೇರಿದಾಗ ನೀವು ನಕ್ಕಿದ್ದಿರಿ. "ಅಲ್ಲಮ್ಮ ಅಳತೆಪಟ್ಟಿ, ಮೋಡ ಏನು ಸೋರೋ ಸೂರಾ, ನೀನು ಹತ್ತಿ ನೋಡೋಕೆ?" ನಾನು ಆಗ ಸರಿಯಾಗಿ ಹೇಳಲಿಲ್ಲ, ಈಗ ಹೇಳುತ್ತೇನೆ. ನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುತ್ತದೆ ಎಂದು ಶಾಲೆಯಲ್ಲಿ ಕಲಿಸುತ್ತಾರಲ್ಲ, ಅಪ್ಪಟ ನೀರಿನ ಸಣ್ಣ ಹನಿ ಹಾಗೆ ಆಗುವುದಿಲ್ಲ. ಎಷ್ಟೋ ಕೆಳಗಿನ ಚಳಿಯಲ್ಲೂ ಅದು ನೀರಾಗಿಯೇ ಇರುತ್ತದೆ. ಮಂಜುಗಡ್ಡೆ ಕಟ್ಟಲು ಅದಕ್ಕೊಂದು ಕಣದ ಆಸರೆ ಬೇಕು. ಆ ಕಣ ಮಣ್ಣಿನದ್ದಾಗಿರಬಹುದು, ಹೂವಿನ ಪರಾಗ, ಕೊಳೆತ ಎಲೆಯ ಪುಡಿ, ಉರಿದ ಕಾಡಿನ ಹೊಗೆಯೂ ಆಗಿರಬಹುದು. ಹೊಗೆಯ ಕಣ ಕೆಳಗೆ ನಿಮ್ಮ ಡಬ್ಬದ ಅಂಟಿನ ಹಾಗೆ ಜಿಗುಟು. ಮೇಲಿನ ಒಣ ಚಳಿಗೆ ಹೋದಾಗ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಅದರ ಮೇಲೆ ಮಂಜು ಕೂರಬಹುದು. ಎತ್ತರದ ಮೋಡ ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಬಿಸಿಲು ಬಿಡುತ್ತದೆ ಎಂಬುದೆಲ್ಲ ಇಂಥ ಸಣ್ಣಪುಟ್ಟವರ ಕೈಯಲ್ಲಿದೆ. ಆ ಮೋಡಕ್ಕೆ ಏರುವ ಗಾಳಿ ನಮ್ಮ ಮಾಳಿಗೆಯ ಮೇಲೆ ಹಾದುಹೋಗುತ್ತದೆ. ಅದನ್ನು ತೆಳು ಬಿಲ್ಲೆಗಳಲ್ಲಿ ಸೋಸಿ, ಆ ಬಿಲ್ಲೆಯನ್ನು ನೀರಿನಲ್ಲಿ ತೊಳೆದು, ಆ ನೀರಿನ ಹನಿಗಳನ್ನು ಒಂದು ತಣ್ಣನೆಯ ತಟ್ಟೆಯ ಮೇಲಿಟ್ಟು, ಯಾವುದು ಯಾವಾಗ ಗಟ್ಟಿಯಾಯಿತು ಎಂದು ಬರೆದಿಡುವುದೇ ನನ್ನ ಕೆಲಸ.

ದಿನವೂ ಒಂದು ಬಿಲ್ಲೆಯನ್ನು ಮಾತ್ರ ಗಾಳಿಗೆ ಒಡ್ಡದೆ ಇಡುತ್ತೇನೆ. ಉಳಿದವುಗಳ ಜೊತೆ ಮಾಳಿಗೆಗೆ ಹೋಗಿ ಸುಮ್ಮನೆ ವಾಪಸು ಬರುತ್ತದೆ. ಅದು ಖಾಲಿ ಬಿಲ್ಲೆ. ಅದನ್ನು ತೊಳೆದ ನೀರು ಮೈನಸ್ ಇಪ್ಪತ್ತೈದರವರೆಗೂ ಜಗ್ಗಬಾರದು. ನನ್ನದು ಹದಿನಾಲ್ಕಕ್ಕೇ ಕಲ್ಲಾಗುತ್ತಿತ್ತು. ಒಂದು ದಿನವಲ್ಲ, ಆರು ತಿಂಗಳಿಂದ. ನಾನು ಅದನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟು, ಎರಡು ಪುಸ್ತಕಗಳನ್ನೂ ಒಟ್ಟಿಗೆ ನೋಡಲೇ ಇಲ್ಲ. ಮಾತಿಗೆ ಇನ್ನೊಬ್ಬರು ಇದ್ದಿದ್ದರೆ ಎರಡನೇ ವಾರಕ್ಕೇ ಸಿಕ್ಕಿಬೀಳುತ್ತಿತ್ತು. ಕೊನೆಗೆ ಮೇಡಂ ಎರಡೂ ಲೆಕ್ಕ ನೋಡಿ, "ಎಲ್ಲಿಂದ ಬರ್ತಿದೆ ಅಂತ ಹುಡುಕು. ಸಿಗಲಿಲ್ಲ ಅಂದ್ರೆ ಈ ಕೇಂದ್ರ ಮುಚ್ಚೋದೇ" ಎಂದರು.

ಹುಡುಕಿದೆ ಅಪ್ಪಾ. ನಲ್ಲಿ ನೀರು, ಸೋಪು, ಕೈಗವಸು, ನನ್ನದೇ ತಲೆಕೂದಲು, ಎಲ್ಲವನ್ನೂ ತಣ್ಣನೆಯ ತಟ್ಟೆಗೆ ಹಾಕಿ ನೋಡಿದೆ. ಕೊನೆಗೆ ಉಳಿದದ್ದು ನಿಮ್ಮ ಪೆಟ್ಟಿಗೆ. ತಗಡಿನ ಪೆಟ್ಟಿಗೆಯಲ್ಲಿ ಬಿಲ್ಲೆಗಳನ್ನಿಡುವ ಗಾಜಿನ ಬಟ್ಟಲುಗಳು ಒಂದಕ್ಕೊಂದು ತಾಗಿ ಒಡೆಯುತ್ತವೆ ಎಂದು ಬರೆದಿದ್ದೆನಲ್ಲ, ನೀವು ಮರದ್ದು ಮಾಡಿ ಜೀಪಿನಲ್ಲಿ ಕಳಿಸಿದಿರಿ, ಜೊತೆಗೆ ಒಂದು ಚೀಟಿಯೂ ಇಲ್ಲದೆ. ಮೂಲೆಗಳನ್ನು ಎಷ್ಟು ಅಂದವಾಗಿ ಕೂಡಿಸಿದ್ದಿರಿ. ಒಳಗೆ ಬಿಳಿ ಬಟ್ಟೆಯ ಹಾಸು. ಅದರ ಅಂಚು ಎತ್ತಿ ಒಂದು ಹನಿ ಅಯೋಡಿನ್ ಬಿಟ್ಟೆ. ಕಡುನೀಲಿಯಾಯಿತು. ಗಂಜಿ. ಬಟ್ಟೆಯನ್ನು ಇನ್ನಷ್ಟು ಬಿಡಿಸಿದೆ. ಕೆಳಗೆ ಮಡಿಕೆಯಲ್ಲಿ ಕೆಂಪು ದಾರದಲ್ಲಿ ಹೊಲಿದ ೪೧.

ಆಸ್ಪತ್ರೆಯ ಲಾಂಡ್ರಿಯಲ್ಲಿ ಅಮ್ಮನ ನಂಬರು. ಅಮ್ಮನ ಏಪ್ರನ್. "ಬಟ್ಟೆ ನಿಂತ್ಕೋಬೇಕು, ಹಾಕ್ಕೊಂಡವರು ಬೇಕಾದ್ರೆ ಕೂತ್ಕೊಳ್ಳಲಿ" ಎಂದು ಗಂಜಿ ಗಟ್ಟಿಯಾಗಿ ಹಾಕುತ್ತಿದ್ದಳಲ್ಲ. ಪ್ರತಿ ಸಲ ಪೆಟ್ಟಿಗೆ ತೆರೆದಾಗಲೂ ಆ ಗಂಜಿಯ ಪುಡಿ ಒಂದಿಷ್ಟು ಎದ್ದು ಬಿಲ್ಲೆಯ ಮೇಲೆ ಕೂತಿದೆ. ಆರು ತಿಂಗಳು ನಾನು ಮೋಡವೆಂದುಕೊಂಡು ಅಮ್ಮನನ್ನು ಅಳೆದಿದ್ದೇನೆ. ನೆಲದ ಮೇಲೆ ಕೂತು ಅತ್ತೆ. ಇಲ್ಲಿ ಅಳುವುದಕ್ಕೆ ಯಾರ ಸಂಕೋಚವೂ ಇಲ್ಲ ನೋಡಿ.

ಮೇಡಂಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಕಾರಣ ಸಿಕ್ಕಿತಲ್ಲ, ಕೇಂದ್ರ ಮುಚ್ಚುವುದಿಲ್ಲ, ಪೆಟ್ಟಿಗೆ ಬಂದ ಮೇಲಿನ ಲೆಕ್ಕವೆಲ್ಲ ಕಸದ ಬುಟ್ಟಿಗೆ, ಹೊಸದಾಗಿ ಶುರು ಮಾಡು ಎಂದರು. ಕಳೆದ ಅಕ್ಟೋಬರಿನ ಒಂದು ವಾರದ್ದು ಮಾತ್ರ ಬಹಳ ಚೊಕ್ಕವಾಗಿದೆಯಂತೆ. ದೂರದ ಕಾಡು ಉರಿದು ಅದರ ಹೊಗೆ ಇಲ್ಲಿಂದ ಮೇಲೇರಿದ ವಾರ ಅದು. ಒಂದು ವರ್ಷ ಅದಕ್ಕಾಗಿ ಕಾದಿದ್ದೆ. ಗುಡ್ಡ ಕುಸಿದು ದಾರಿ ಮುಚ್ಚಿದೆ, ಅಮ್ಮನ ಮಣ್ಣಿಗೆ ಬರಲಾಗುವುದಿಲ್ಲ ಎಂದು ನಾನು ನಿಮಗೆ ಫೋನಿನಲ್ಲಿ ಹೇಳಿದ್ದೂ ಅದೇ ವಾರ. "ಸರಿ, ಹುಷಾರು" ಎಂದಿದ್ದಿರಿ. ಆಮೇಲೆ ನಿಮ್ಮ ದನಿ ಕೇಳಿಲ್ಲ.

ಪೆಟ್ಟಿಗೆ ಈಗ ನನ್ನ ಕೋಣೆಯಲ್ಲಿ, ದಿಂಬಿನ ಪಕ್ಕ ಇದೆ. ಬಟ್ಟೆಯನ್ನು ಮತ್ತೆ ಮೊದಲಿನಂತೆಯೇ ಹಾಸಿದ್ದೇನೆ. ಪಕ್ಕದ ಮನೆಯ ಅಜ್ಜಿಗೆ ನಾನು ಕೇಳಿದೆನೆಂದು ಹೇಳಿ. ಏಣಿ ಹತ್ತಬೇಡಿ. ನಿಮ್ಮ ಕಾಲಿಗೆ ದೂರದಿಂದಲೇ ನಮಸ್ಕಾರ.

ನಿಮ್ಮ
ಅಳತೆಪಟ್ಟಿ

ತಾ.ಕ.: ಜೀಪಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ದಾರಿ ಮುಚ್ಚಿರಲಿಲ್ಲ ಅಪ್ಪಾ. ಗುಡ್ಡ ಕುಸಿದದ್ದು ಸೋಮವಾರ, ಮಂಗಳವಾರ ಸಂಜೆಗೇ ಮಣ್ಣು ತೆಗೆದಿದ್ದರು. ಬುಧವಾರ ನಿಮ್ಮ ಫೋನು ಬಂದಾಗ ಜೀಪು ನಮ್ಮ ಬಾಗಿಲಲ್ಲೇ ನಿಂತಿತ್ತು. ಹೊಗೆ ಬಂದಿತ್ತು, ನಾನು ಹತ್ತಲಿಲ್ಲ. ಈಗ ಜೀಪಿನವರು ಹೇಳುತ್ತಾರೆ, ದಾರಿ ಯಾವತ್ತು ತೆರೆಯಿತು ಎಂದು ನೀವು ಪೆಟ್ಟಿಗೆ ಮಾಡುವ ಮೊದಲೇ ಅವರನ್ನು ಕೇಳಿದ್ದಿರಂತೆ. ಗೊತ್ತಿದ್ದೂ ಅಮ್ಮನ ಏಪ್ರನ್ ಕತ್ತರಿಸಿ ನನಗೆ ಹಾಸಿ ಕಳಿಸಿದಿರಿ. ಮುಂದಿನ ಜೀಪಿಗೆ, ಇಪ್ಪತ್ತಮೂರಕ್ಕೆ, ಬರುತ್ತಿದ್ದೇನೆ. ಬೈಯಿರಿ, ಮಾತಾಡಿದರೆ ಸಾಕು. ಯಾವ ಹೊಗೆ ಬಂದರೂ ಈ ಸಲ ಹತ್ತುತ್ತೇನೆ.