ಬಾಟಲಿ ಮುಟ್ಟಬೇಕಾದವನು

ಬೋ ಪಟ್ಟಣ, ಸಿಯೆರಾ ಲಿಯೋನ್
ಮಾರ್ಚ್ ೧೧, ೨೦೦೯, ಬುಧವಾರ

ಪ್ರೀತಿಯ ಮಗಳು ದೂಫಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ಹೇಗಿದ್ದೀಯೆ? ಅಲ್ಲಿ ನಮ್ಮೂರಲ್ಲಿ ಧೂಳುಗಾಳಿ ನಿಂತಿರಬೇಕಲ್ಲ, ನಿನ್ನಮ್ಮನ ಉಬ್ಬಸ ಈಗ ಕಡಿಮೆಯೇ? ನಿನ್ನ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುವಾಗ ಕೈ ಸುಟ್ಟುಕೊಂಡೆಯಂತೆ. ಸುಡದ ಕೈಗೆ ಮೋಟಾರು ರಿಪೇರಿ ಬರುವುದಿಲ್ಲ ಅಂತ ನಿನಗೆ ಕಲಿಸಿದವನೇ ನಾನು, ಆದರೂ ಹುಷಾರಾಗಿರು. ಇಲ್ಲಿ ನಿನ್ನ ಅತ್ತೆ ಕಂಫರ್ಟಳ ಮೊಣಕಾಲು ಜೀಪು ಹತ್ತುವಾಗ ಒಂದು ಮಾತು ಬೈದರೆ ಇಳಿಯುವಾಗ ಎರಡು ಮಾತು ಬೈಯುತ್ತದೆ. ನನಗೇನೂ ಕಾಯಿಲೆಯಿಲ್ಲ, ಬರೀ ಸುಸ್ತು. ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು. ಈ ಕಾಗದವನ್ನು ಎಂದಿನಂತೆ ಎಲ್ಲರನ್ನೂ ಕೂರಿಸಿಕೊಂಡು ನೀನೇ ಓದು. ನಿನ್ನಮ್ಮನ ಕನ್ನಡಕವನ್ನು ನಂಬುವಂತಿಲ್ಲ, ಅವಳಿಗೆ ಬೇಕಾದ್ದೇ ಅದಕ್ಕೆ ಕಾಣುತ್ತದೆ.

ಎಲ್ಲರೂ ಕಾಯುತ್ತಿರುವ ವಿಷಯ ಗೊತ್ತು. ಸಿಮೆಂಟ್ ಅಂಗಡಿಯ ಅಜೆಮಾಂಗ್ ಮನೆಯವರು ನಿನ್ನನ್ನು ಹೆಣ್ಣು ಕೇಳುವ ಸಾರಾಯಿ ಬಾಟಲಿ ಹಿಡಿದುಕೊಂಡು ಈಸ್ಟರಿಗೆ ಬರುತ್ತಾರಂತೆ. ನಮ್ಮ ಕುಲದಲ್ಲಿ ಅಪ್ಪ ಎಷ್ಟೇ ದೊಡ್ಡವನಿರಲಿ, ಆ ಬಾಟಲಿ ಮುಟ್ಟಿ ಹೂಂ ಅನ್ನಬೇಕಾದವನು ಸೋದರಮಾವ. ನಾವು ಚರ್ಚಿನ ಸಭೆಯವರು ಕುಡಿಯುವುದಿಲ್ಲ ಸರಿ, ಮುಟ್ಟುವುದಕ್ಕೇನು? ಹಾಗಾಗಿ ನಾನೇ ಬರಬೇಕು, ಇಲ್ಲವೇ ನನ್ನ ಬದಲು ಇಂಥವನು ಮುಟ್ಟಲಿ ಅಂತ ಹೆಸರು ಹೇಳಿ ಕಳಿಸಬೇಕು. ಆವತ್ತು ಫೋನಿನಲ್ಲಿ ನಿನ್ನಮ್ಮ, "ಏ ಕ್ವಾಕು, ಬರ್ತೀಯೋ ಇಲ್ಲ ತಮ್ಮನಿಗೆ ಹೇಳ್ಲೋ? ನಿನ್ನ ಬೋರು ಕೊರೆದು ಮುಗಿಯೋ ಹೊತ್ತಿಗೆ ಹುಡುಗೀಗೆ ಹಲ್ಲು ಬಿದ್ದಿರುತ್ತೆ" ಅಂದಳು. ಅಕ್ಕ ಅಂದಮೇಲೆ ಅನ್ನಲಿ. ಉತ್ತರ ಕೊಡುತ್ತೇನೆ, ಅದಕ್ಕೆ ಮೊದಲು ಇಲ್ಲಿನ ಕಥೆ ಕೇಳಿ.

ಒಂದೂವರೆ ವರ್ಷದ ಸೇವೆ ಅಂತ ಸಭೆಯವರು ನಮ್ಮಿಬ್ಬರು ಮುದುಕರನ್ನು ಇಲ್ಲಿಗೆ ಕಳಿಸಿದ್ದು ಈ ತಿಂಗಳು ಮುಗಿಯಬೇಕಿತ್ತು. ನಮ್ಮ ಜಾಗಕ್ಕೆ ಬರಬೇಕಿದ್ದ ಗಂಡ ಹೆಂಡತಿಗೆ ಡಾಕ್ಟರು ಪ್ರಯಾಣ ಬೇಡ ಅಂದರಂತೆ. ಇನ್ನಾರು ತಿಂಗಳು ಇರುತ್ತೀರಾ ಅಂತ ಕಚೇರಿಯವರು ಕೇಳಿದರು. ಕೇಳದೆ ಏನು ಮಾಡಿಯಾರು? ಈ ಜಿಲ್ಲೆಯಲ್ಲಿ ನಾನು ತಲೆಯಾಡಿಸದೆ ನೆಲದಿಂದ ಒಂದು ಹನಿ ನೀರು ಮೇಲೆ ಬರುವುದಿಲ್ಲ. ಆರನೇ ಕ್ಲಾಸು ಓದಿದ ನನ್ನ ರುಜು ನೋಡದೆ ಬೋರ್‌ವೆಲ್ ಲಾರಿ ಚಾವಿ ತಿರುಗುವುದಿಲ್ಲ. ಆದರೆ ಬಾಯಿಗೂ ದಣಿವಾಗುತ್ತದೆ ಮಗಳೇ. ಊರೂರಿಗೆ ಹೋಗಿ ಅದೇ ಮಾತು: ಮೊದಲು ಮರಳು ತನ್ನಿ, ಕಲ್ಲು ತನ್ನಿ, ಪಂಪು ನೋಡಿಕೊಳ್ಳುವವರನ್ನು ಆರಿಸಿ, ಅದರಲ್ಲಿ ಹೆಂಗಸರೂ ಇರಲಿ. ಆಮೇಲೆ ಅದೇ ಅನ್ನ, ಅದೇ ಮರಗೆಣಸಿನ ಸೊಪ್ಪಿನ ಸಾರು. ನಿನ್ನಮ್ಮನ ಕೈಯ ಫುಫು ಮುದ್ದೆ ಕನಸಿಗೂ ಬರುವುದನ್ನು ಬಿಟ್ಟಿದೆ.

ಮೊನ್ನೆ ತೈಯಾಹುನ್ ಅನ್ನುವ ಊರಿಗೆ ಹೋಗಿದ್ದೆವು. ಮಳೆಗಾಲ ಮುಗಿದ ಮೇಲೆ ಅಲ್ಲಿ ಕೊರೆಸಿದ್ದು. ನೀರು ಹುಡುಕುವ ಯಂತ್ರ ಹಿಡಿದು ಬಂದವನು ಒಂದು ಕಡೆ ತೋರಿಸಿದ, ನಾನು ಇನ್ನೊಂದು ಕಡೆ ಕೋಲೂರಿದೆ, ನೀರು ಸಿಕ್ಕಿದ್ದು ನನ್ನ ಕೋಲಿನ ಹತ್ತಿರಕ್ಕೆ. ಆ ಖುಷಿಯಲ್ಲಿ, ನಮ್ಮ ಕಚೇರಿಯ ದೊಡ್ಡವರು ಫ್ರೀಟೌನಿನಿಂದ ಬಂದು ರಿಬ್ಬನ್ ಕತ್ತರಿಸುವವರೆಗೆ ಯಾರೂ ಪಂಪು ಮುಟ್ಟಬೇಡಿ ಅಂದುಬಿಟ್ಟೆ. ಸಿಮೆಂಟು ಒಣಗಲಿ ಅಂತ ಅಂದ ಮಾತು ಅಷ್ಟೆ. ದೊಡ್ಡವರು ಇವತ್ತು ಬಂದೆ, ನಾಳೆ ಬಂದೆ ಅಂತ ಕ್ರಿಸ್ಮಸ್ ದಾಟಿಸಿದರು. ಈಗ ಹೋಗಿ ನೋಡಿದರೆ ಪಂಪಿನ ಹಿಡಿಗೆ ಸರಪಳಿ, ಬೀಗ, ಸುತ್ತ ತಾಳೆಗರಿಯ ಬೇಲಿ! ಹೆಂಗಸರು ಬಕೆಟ್ಟು ಹೊತ್ತು ಅದೇ ಹಳೆಯ ಕೆಸರುಹಳ್ಳಕ್ಕೆ ಹೋಗುತ್ತಿದ್ದಾರೆ. ಊರ ಮುಖ್ಯಸ್ಥ ಲಾಹಾಯಿ ಎದೆಯುಬ್ಬಿಸಿಕೊಂಡು ಬಂದು, "ನಿಮ್ಮ ಮಾತು ಉಳಿಸಿದೀವಿ ಹಿರೀಕರೇ, ಒಂದು ಕೋಳೀನೂ ಹತ್ರ ಬಿಟ್ಟಿಲ್ಲ" ಅಂದ. ಅವನ ಬೆನ್ನ ಹಿಂದಿನಿಂದ ಬಕೆಟ್ಟು ಹೊತ್ತ ಒಬ್ಬಳು ಮುದುಕಿ, "ಅಜ್ಜಾ, ನಿನ್ನ ನೀರು ಬಾಳ ಸಿಹಿಯಂತೆ. ಕಿವಿಗೆಲ್ಲಾ ಗೊತ್ತು, ನಾಲಿಗೆಗೆ ಮಾತ್ರ ಇನ್ನೂ ಸುದ್ದಿ ಬಂದಿಲ್ಲ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕೂರುವುದಕ್ಕೆ ಒಂದು ಕಲ್ಲು ಸಿಕ್ಕಿದರೆ ಸಾಕು ಅನ್ನಿಸಿತು. ಎಲ್ಲೆಲ್ಲಿಯ ಸಭೆಯವರೋ ಒಂದೊಂದು ಊಟ ಬಿಟ್ಟು ಉಳಿಸಿ ಕೊಟ್ಟ ದುಡ್ಡಿನ ನೀರು ಅದು. ಆ ದೊಡ್ಡವನು ನಾನೇ ಅಂತ ಸಾರಿ, ಅತ್ತೆಯ ತಲೆಗೆ ಕಟ್ಟಿದ್ದ ಬಟ್ಟೆಯನ್ನೇ ರಿಬ್ಬನ್ನಿನ ಹಾಗೆ ಹಿಡಿಸಿ ಕತ್ತರಿಸಿದೆ. ನೀರು ಬಂತು. ಫ್ರೀಟೌನಿನವರಿಂದ ಬೈಗುಳವೂ ಬಂತು. ಅದು ಅತ್ತೆಯ ಭಾನುವಾರದ ಬಟ್ಟೆಯಂತೆ, ಅದರ ಮಾತು ಇನ್ನೂ ಮುಗಿದಿಲ್ಲ.

ಮುದುಕನ ಬಾಯಿಂದ ಜಾರಿದ ಒಂದು ಮಾತಿಗೆ ಒಂದು ಊರಿಗೆ ಊರೇ ಬಾಯಾರಿಕೊಂಡು ಕೂತಿತಲ್ಲ ಅಂತ ಹಿಂತಿರುಗುವ ದಾರಿಯುದ್ದಕ್ಕೂ ಯೋಚಿಸಿದೆ.

ಈಗ ಉತ್ತರ. ಗಟ್ಟಿಯಾಗಿ ಓದು. ಈಸ್ಟರಿಗೆ ನಾನು ಬರುವುದಿಲ್ಲ. ಇನ್ನಾರು ತಿಂಗಳು ಇರುತ್ತೇವೆ ಅಂತ ಕಚೇರಿಗೆ ಹೇಳಿಯಾಯಿತು. ನಾನಿಲ್ಲದೆ ಇಲ್ಲಿ ಯಾವುದೂ ನಡೆಯುವುದಿಲ್ಲ, ಏನು ಮಾಡುವುದು. ಬದಲಿಗೆ ಯಾರ ಹೆಸರನ್ನೂ ಹೇಳುವುದಿಲ್ಲ. ತಮ್ಮ ಕ್ವಾಬೆನಾನ ಕೈಗೆ ಕೊಟ್ಟರೆ ಮುಟ್ಟುವುದಿರಲಿ, ಪ್ರಾರ್ಥನೆ ಮುಗಿಯುವುದರೊಳಗೆ ಬಾಟಲಿಯ ತಳ ಕಂಡಿರುತ್ತದೆ. ಕುಲಕ್ಕೆ ಹಿರಿಯನಾದ ನಾನು ಬದುಕಿರುವಾಗ ನನ್ನ ಮಾತಿಲ್ಲದೆ ಬೇರೆಯವರು ಮುಟ್ಟಿದರೆ ಅದು ಮದುವೆಯಲ್ಲ, ಅಕ್ಕನಿಗೂ ಗೊತ್ತು. ಗಂಡಿನ ಕಡೆಯವರಿಗೆ ನನ್ನ ನಮಸ್ಕಾರ ಹೇಳಿ, ಮುದುಕನಿಗೆ ಹಟ ಜಾಸ್ತಿ ಅನ್ನಿ. ಅವರೂ ಒಪ್ಪುತ್ತಾರೆ.

ನಿಮ್ಮೆಲ್ಲರ ಒಲೆ ಉರಿಯುತ್ತಿರಲಿ, ನಿನ್ನ ಕೈಯ ಗಾಯ ಮಾಯಲಿ, ಅಕ್ಕನ ಉಸಿರು ಸಲೀಸಾಗಲಿ. ಅತ್ತೆ ಎಲ್ಲರನ್ನೂ ಕೇಳಿದಳು ಅನ್ನು.

ನಿನ್ನ ಮಾವ,
ಕ್ವಾಕು ಅನ್ಸಾ
(ಬೋ ಜಿಲ್ಲೆಯ ನೀರಿನ ದೊಡ್ಡವನು)

ತಾ.ಕ.: ಇದನ್ನು ಗಟ್ಟಿಯಾಗಿ ಓದಬೇಡ. ಕಾಗದ ಒಯ್ಯುವವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಹೇಳುತ್ತೇನೆ. ಆವತ್ತು ಫೋನಿನಲ್ಲಿ ಎಲ್ಲರೂ ಬೇಗ ಬಾ ಅಂದರು. ನೀನೊಬ್ಬಳೇ, "ನಿಧಾನಕ್ಕೆ ಬನ್ನಿ ಮಾವ, ಕೆಲಸ ಮುಗಿಸ್ಕೊಂಡೇ ಬನ್ನಿ" ಅಂದೆ. ಆ ದನಿ ನನಗೆ ಗೊತ್ತು. ಮದುವೆಯಾದ ಮೇಲೆ ನೀನು ಅಂಗಡಿ ಮುಚ್ಚಬೇಕು ಅಂತ ಅಜೆಮಾಂಗ್ ಮನೆಯವರು ಹೇಳಿದ್ದೂ ಅತ್ತೆಯ ಕಿವಿಗೆ ಬಿದ್ದಿದೆ. ನಾನಿಲ್ಲದಿದ್ದರೂ ಇಲ್ಲಿ ಎಲ್ಲ ನಡೆಯುತ್ತದೆ ಮಗಳೇ. ಮನೆಗೆ ಬರೋಣ ಅಂತ ಪೆಟ್ಟಿಗೆ ಕಟ್ಟಿಯೂ ಆಗಿತ್ತು. ಈಗ ಅತ್ತೆ ಬಿಚ್ಚುತ್ತಿದ್ದಾಳೆ. "ಸಭೆಗೋಸ್ಕರ ಅಂದಿದ್ರೆ ನಾನೊಬ್ಳೇ ಹೊರಟುಬಿಡ್ತಿದ್ದೆ, ಹುಡುಗೀಗೋಸ್ಕರ ಅಂದ್ಯಲ್ಲ" ಅಂದಳು. ನಾನು ಇಲ್ಲಿರುವವರೆಗೆ ಆ ಬಾಟಲಿಯನ್ನು ಯಾರೂ ಮುಟ್ಟುವಂತಿಲ್ಲ. ನಿನಗೆ ಬೇಕು ಅನ್ನಿಸಿದ ದಿನ ಒಂದು ಫೋನು ಮಾಡು, ಓಡಿ ಬರುತ್ತೇನೆ. ಬೇಡವಾದರೆ ಏನೂ ಹೇಳಬೇಡ, ಎಲ್ಲರ ಜೊತೆ ಸೇರಿ ನನ್ನನ್ನು ಬೈಯುತ್ತಿರು. ಚೆನ್ನಾಗಿ ಬೈಯಿ, ನಿನ್ನಮ್ಮನಿಗೆ ಅನುಮಾನ ಬರಬಾರದು.