ಪೇಪರಿನಲ್ಲಿ ಇರದ ಸುದ್ದಿ ಓದಿದ ಮಾಷ್ಟ್ರಿಗೆ

ಮಾಷ್ಟ್ರೇ,

ನಾನು ಅಣ್ಣಪ್ಪ. ಕಿರಿಮಂಜೇಶ್ವರದಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ಚಾ ಮಾಡುವವ. ಕಾಗದ ಎಂದರೆ ಮೊದಲು ಕ್ಷೇಮ ಕೇಳಬೇಕು ಎಂದು ಹೇಳಿಕೊಟ್ಟವರು ನೀವೇ. ಆದರೆ ನೀವು ತೀರಿಹೋಗಿ ಹತ್ತು ತಿಂಗಳಾಯಿತು. ಈಗ ನಿಮ್ಮ ಕ್ಷೇಮ ಕೇಳಿದರೆ ನಗೆಯಾಗುತ್ತದೆ, ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಅದಕ್ಕೆ ಎರಡನ್ನೂ ಬಿಟ್ಟೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅದನ್ನು ಹೇಳಲಿಕ್ಕೆ ಈ ಕಾಗದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಳ್ಳಿ. ತಿದ್ದುವುದೆಂದರೆ ನಿಮಗೆ ಊಟಕ್ಕಿಂತ ಇಷ್ಟ ಅಲ್ಲವೇ?

ಬಸ್ಸು ಇದ್ದಿಲಿನಲ್ಲಿ ಓಡುತ್ತಿದ್ದ ಕಾಲ ನೆನಪಿದೆಯಾ? ಯುದ್ಧದಿಂದ ಪೆಟ್ರೋಲು ಇಲ್ಲದೆ, ಬಸ್ಸಿನ ಹಿಂದೆ ಒಂದು ದೊಡ್ಡ ಡ್ರಮ್ಮು ಕಟ್ಟಿಕೊಂಡು ಬರುತ್ತಿತ್ತು. ನಮ್ಮ ಅಂಗಡಿ ಎದುರು ನಿಂತು, ಇದ್ದಿಲು ತಿಂದು, ಗಾಳಿ ಹಾಕಿಸಿಕೊಂಡು, ಕೆಮ್ಮಿ ಕೆಮ್ಮಿ ಹೊರಡುತ್ತಿತ್ತು. ಮೀನಿಗೆ ಹೋಗುವ ಶೀನ ಒಂದು ದಿನ ಬೆಂಚಿನಿಂದ ಕೂಗಿದ. "ಹ್ವಾಯ್ ಅಣ್ಣಪ್ಪ, ನಿನ್ ಒಲಿನೂ ಇದ್ಲ್ ತಿಂತ್, ಬಸ್ಸೂ ಇದ್ಲ್ ತಿಂತ್. ನಿನ್ ಒಲಿ ಎಂತಕ್ಕೆ ಬೈಂದೂರಿಗ್ ಹೋಪುದಿಲ್ಲೆ?" ನಾನು ಹೇಳಿದೆ, "ಹೋತಿತ್ ಮಾರಾಯ. ನೀನ್ ಚಾ ಕುಡ್ದ್ ಏಳ್ಲಿ ಅಂದ್ಕಂಡ್ ಕಾಯ್ತಾ ಇತ್ತ್." ಎಲ್ಲರೂ ನಕ್ಕರು, ನೀವೂ ನಕ್ಕಿರಿ. ಆಮೇಲೆ ಇದ್ದಿಲಿನಿಂದ ಬರುವುದು ಎಂಥ ಗ್ಯಾಸು, ಅದು ಹೇಗೆ ಚಕ್ರ ತಿರುಗಿಸುತ್ತದೆ ಎಂದು ಶೀನನನ್ನು ಕೂರಿಸಿ ಅರ್ಧ ಗಂಟೆ ತಿದ್ದಿದಿರಿ. ಅವನ ದೋಣಿ ಆ ದಿನ ತಡವಾಗಿ ಹೊರಟಿತು.

ಆ ಬಸ್ಸಿನಲ್ಲಿಯೇ ಕುಂದಾಪುರದಿಂದ ಒಂದು ದಿನ ಹಳತಾದ ಪೇಪರು ಬರುತ್ತಿತ್ತು. ನೀವು ಬಂದು ಬಿಡಿಸುವವರೆಗೆ ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಅಕ್ಷರ ಬಲ್ಲ ಇಬ್ಬರು ಮೂವರು ಇದ್ದರೂ ಮುಟ್ಟುತ್ತಿರಲಿಲ್ಲ. ನೀವು ಕನ್ನಡಕ ಏರಿಸಿ, ಪೇಪರನ್ನು ಮುಖದ ಎದುರು ಹಿಡಿದು ಗಟ್ಟಿಯಾಗಿ ಓದುತ್ತಿದ್ದಿರಿ. ಓದಿ ಮುಗಿದ ಮೇಲೆ ನಿಮ್ಮ ಅಭಿಪ್ರಾಯ. ಆದರೆ ಅಭಿಪ್ರಾಯ ಹೇಳುವಾಗ ನೀವು ಪೇಪರು ಕೆಳಗೆ ಇಳಿಸುತ್ತಿರಲಿಲ್ಲ, ಸ್ವರವನ್ನೂ ಬದಲಿಸುತ್ತಿರಲಿಲ್ಲ. ಪೇಪರು ಎಲ್ಲಿ ಮುಗಿಯಿತು, ಮಾಷ್ಟ್ರು ಎಲ್ಲಿ ಸುರುವಾದರು ಎಂದು ಬೆಂಚಿನ ಮೇಲೆ ಕೂತವರಿಗೆ ಹೇಗೆ ತಿಳಿಯಬೇಕು? ರೇಡಿಯೋ ಹೆಚ್ಚು ಕೇಳಿದರೆ ಕಿವಿಯ ನರ ಒಣಗುತ್ತದೆ. ಡಬ್ಬಿಯಲ್ಲಿ ಬರುವ ತುಪ್ಪ ತಿಂದರೆ ಮೊಣಕಾಲು ಹಿಡಿಯುತ್ತದೆ. ಹೆಣ್ಣುಮಕ್ಕಳು ಸೈಕಲು ಬಿಟ್ಟರೆ ಊರಿಗೆ ಮಳೆ ಕಡಿಮೆ. ಇದರಲ್ಲಿ ಅಚ್ಚಾದದ್ದು ಎಷ್ಟು, ನಿಮ್ಮದು ಎಷ್ಟು ಮಾಷ್ಟ್ರೇ? ನಾನಂತೂ ಡಬ್ಬಿ ತುಪ್ಪವನ್ನು ಅಡುಗೆಕೋಣೆಗೆ ಸೇರಿಸಲೇ ಇಲ್ಲ. ಯಾರಾದರೂ ಕೇಳಿದರೆ, "ಪೇಪರಲ್ ಬಂದಿತ್" ಎನ್ನುತ್ತಿದ್ದೆ.

ನನ್ನ ಹೆಂಡತಿ ಸೀತು ಒಂದು ಸಲ ದೋಸೆ ಎರೆಯುತ್ತಾ ಮೆಲ್ಲಗೆ ಹೇಳಿದ್ದಳು. "ಹೋಯ್, ಮಾಷ್ಟ್ರ್ ಕೆಲವ್ ಸುದ್ದಿ ಓದುವತಿಗೆ ಅವ್ರ್ ಕಣ್ಣ್ ಅತ್ಲಾಗ್ ಇತ್ಲಾಗ್ ಹೋಪುದೇ ಇಲ್ಲೆ. ಒಂದೇ ಬದಿಗ್ ನಿಂತಿರತ್ತ್. ನೀವ್ ಕಂಡಿದ್ರ್ಯಾ?" ನಾನು ಬೈದೆ. "ನಿಂಗ್ ಅಕ್ಷರ ಬತ್ತಿಲ್ಲೆ, ಮಾಷ್ಟ್ರ್ ಕಣ್ಣ್ ಓದುಕ್ ಹೊರಟ್ಯಾ?" ಎಂದು ಅವಳ ಬಾಯಿ ಮುಚ್ಚಿಸಿದೆ. ಅಕ್ಷರ ಬಾರದವಳಿಗೆ ಕಂಡದ್ದು ನನಗೆ ಯಾಕೆ ಕಾಣಲಿಲ್ಲ? ಕಾಣುವ ಮನಸ್ಸು ಇರಲಿಲ್ಲ, ಅಷ್ಟೆ. ಊರಿನಲ್ಲಿ ನನ್ನನ್ನು ಎಲ್ಲರೂ ತಮಾಷೆಯವ ಎನ್ನುತ್ತಿದ್ದರು. ನೀವು ಒಬ್ಬರೇ, ‘ಅಣ್ಣಪ್ಪನಿಗೆ ಬುದ್ಧಿ ಉಂಟು’ ಎಂದವರು. ಆ ಒಂದು ಮಾತಿಗೆ ನಾನು...

ಯುದ್ಧ ಮುಗಿಯುವ ಹಿಂದಿನ ವರ್ಷ, ದಾಕು ಹಾಕುವವ ಬಂದ ದಿನವನ್ನು ನೀವು ಮರೆತಿರಲಾರಿರಿ. ಸಿಡುಬು ಬಾರದ ಹಾಗೆ ತೋಳಿಗೆ ಚುಚ್ಚುವವ, ನಿಮ್ಮದೇ ಶಾಲೆಯಲ್ಲಿ ಕಲಿತವ. ಅಂಗಿಯ ತೋಳು ಮಡಚಿ ತನ್ನ ಕಲೆಗಳನ್ನು ತೋರಿಸಿದ. ಪಾವಲಿ ನಾಣ್ಯದಷ್ಟು ದೊಡ್ಡ ಎರಡು ಉರುಟು ಕಲೆ. "ನೀವ್ ಒಂದ್ ಮಾತ್ ಹೇಳ್ರೆ ಸಾಕ್ ಮಾಷ್ಟ್ರೇ, ಊರಿಗ್ ಊರೇ ಬತ್ತ್" ಎಂದ. ನೀವು, "ಸಿಡುಬು ಬರುವುದು ಸೆಕೆಯಿಂದ, ಮೈ ತಂಪಾಗಿದ್ದರೆ ಬರುವುದಿಲ್ಲ" ಎಂದಿರಿ. ಅವನು ನಕ್ಕು, "ಅದ್ ತಪ್ಪ್ ಮಾಷ್ಟ್ರೇ" ಎಂದ. ಆ ಜಾಗದಲ್ಲಿ ನಿಮ್ಮನ್ನು ತಿದ್ದಿದವ ಅವನೊಬ್ಬನೇ. ನೀವು ಪೇಪರು ಎತ್ತಿದಿರಿ, ಓದಿದಿರಿ. ಯಾವುದೋ ಊರಿನಲ್ಲಿ ದಾಕು ಹಾಕಿಸಿದ ಮಕ್ಕಳ ಕೈ ಕೊಳೆಯಿತು, ದೊಡ್ಡ ದೊಡ್ಡ ಡಾಕ್ಟರೇ ಬೇಡ ಎಂದಿದ್ದಾರೆ, ಕಹಿಬೇವೂ ಎಳನೀರೂ ಸಾಕು ಎಂದು. ಅವನು, "ಎಲ್ಲಿ, ಒಂಚೂರ್ ಕಾಂಬ" ಎಂದು ಕೈ ಚಾಚಿದ. ನೀವು ಪೇಪರು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿರಿ.

ಆಗ ನಾನು ಮಾಡಿದ್ದನ್ನೂ ಬರೆಯಬೇಕು. ಮಾತು ಬಿಗಿಯಾಯಿತಲ್ಲ ಎಂದು, "ಇದ್ ದನಿನ್ ಮೈಯಿಂದ ತೆಗ್ದ ಮದ್ದ್ ಅಂಬ್ರ್. ಚುಚ್ಚಿಸ್ಕಂಡ್ ಮಕ್ಕಳ್ ಎಷ್ಟ್ ಸೇರ್ ಹಾಲ್ ಕೊಡ್ತೊ ಕೇಣಿ ಕಾಂಬ!" ಎಂದೆ. ಅಂಗಡಿ ಬಿದ್ದುಹೋಗುವ ಹಾಗೆ ನಕ್ಕರು. ದಾಕಿನವನ ಮುಖ ಕೆಂಪಾಯಿತು. ಚೀಲ ಎತ್ತಿಕೊಂಡು ಹೋದ, ಒಂದು ಮಗುವಿಗೂ ಚುಚ್ಚದೆ. ನಿಮ್ಮ ಸುಳ್ಳಿಗೆ ಒಗ್ಗರಣೆ ನನ್ನದು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಎರಡು ತಿಂಗಳಲ್ಲಿ ಸಿಡುಬು ಬಂತು. ನನ್ನ ಗಿರಿಜಳಿಗೆ ಆಗ ಏಳು ವರ್ಷ. ಬಾಳೆಎಲೆಯ ಮೇಲೆ ಮಲಗಿಸಿ ಹದಿನೆಂಟು ದಿನ ಬೇವಿನ ಸೊಪ್ಪಿನಲ್ಲಿ ಗಾಳಿ ಹಾಕಿದ್ದೇವೆ. ನೀವು ದಿನಾ ಬೇಲಿಯ ಆಚೆ ನಿಂತು, "ಹೇಗಿದೆ ಅಣ್ಣಪ್ಪ?" ಎಂದು ಕೇಳುತ್ತಿದ್ದಿರಿ. ಒಂದು ದಿನ ನಿಮ್ಮ ಕಣ್ಣಲ್ಲಿ ನೀರು ಕಂಡು, ನನಗಿಂತ ಹೆಚ್ಚು ದುಃಖ ಮಾಷ್ಟ್ರಿಗೆ ಎಂದು ಸೀತುಗೆ ಹೇಳಿದ್ದೆ. ಮಗಳು ಉಳಿದಳು. ಮುಖದ ತುಂಬ ಕುಳಿ ಬಿತ್ತು, ಎಡಗಣ್ಣು ಹೋಯಿತು. "ದೇವರ ಇಚ್ಛೆ" ಎಂದಿರಿ ನೀವು. ನಾನು ಹೌದು ಎಂದೆ. ನೀವು ಹೇಳಿದ್ದಕ್ಕೆ ನಾನು ಯಾವತ್ತು ಅಲ್ಲ ಎಂದದ್ದಿದೆ?

ನೀವು ತೀರಿಕೊಂಡ ದಿನ ನಿಮ್ಮ ದೇಹಕ್ಕೆ ಸ್ನಾನ ಮಾಡಿಸಲು ನಾಲ್ಕು ಜನ ನಿಂತೆವು. ಗಂಡುಮಕ್ಕಳಿಲ್ಲದ ನಿಮಗೆ ಅಷ್ಟು ಮಾಡದಿದ್ದರೆ ನಾನು ಎಂಥ ಸ್ನೇಹಿತ? ತಲೆಗೆ ನೀರು ಹೊಯ್ದೆ, ಎದೆ ತಿಕ್ಕಿದೆ, ಎಡಗೈ ಎತ್ತಿ ತೋಳು ತಿಕ್ಕಿದೆ. ಅಲ್ಲಿ ಎರಡು ಕಲೆ. ಪಾವಲಿಯಷ್ಟು, ಉರುಟು. ನಾನು ಮತ್ತೆ ತಿಕ್ಕಿದೆ, ಹೋಗುತ್ತದೋ ಎಂದು. ಉಳಿದವರು, "ಬೇಗ ಬೇಗ" ಎಂದರು. ಹೆಗಲು ಕೊಟ್ಟೆ, ಸುಡುಗಾಡಿಗೆ ಬಂದೆ, ಎಲ್ಲ ಮಾಡಿದೆ. ಚಿತೆ ಉರಿಯುವಾಗ ನನಗೆ ಅಳು ಬರಲಿಲ್ಲ. ಜನ ಏನೆಂದುಕೊಂಡರು ಗೊತ್ತಿಲ್ಲ. ನನ್ನ ತಲೆಯಲ್ಲಿ ಒಂದೇ ಇತ್ತು, ಯಾವಾಗ ಹಾಕಿಸಿಕೊಂಡಿರಿ? ನನ್ನ ಮಗಳು ಸಿಡುಬಿನಲ್ಲಿ ಮಲಗುವ ಮೊದಲೋ, ಆಮೇಲೋ? ಆಮೇಲಾದರೆ ಹೆದರಿ ಹಾಕಿಸಿಕೊಂಡರು ಎಂದು ಬಿಡಬಹುದು. ಮೊದಲಾದರೆ...

ಹೋದ ವಾರ ಅಂಗಡಿಗೆ ಮತ್ತೆ ದಾಕಿನವ ಬಂದ, ಬೇರೆಯವ, ವಯಸ್ಸಾದವ. ಬೈಂದೂರಿನ ಆಚೆ ಸಿಡುಬು ಕಂಡಿದೆಯಂತೆ. ನಮ್ಮವರು ಜಗ್ಗಲಿಲ್ಲ. ಶೀನನಿಗೆ ಈಗ ಇಬ್ಬರು ಮೊಮ್ಮಕ್ಕಳು. ಅವನೇ ಮುಂದಾಗಿ, "ಬೇಡ ಮಾರಾಯ್ರೆ, ಮಾಷ್ಟ್ರ್ ಇಪ್ಪತಿಗೇ ಓದಿ ಹೇಳಿದ್ರ್. ಕೈ ಕೊಳಿತ್ತ್ ಅಂಬ್ರ್, ಪೇಪರಲ್ ಬಂದಿತ್" ಎಂದ. ನೀವು ಹೋದರೂ ನಿಮ್ಮ ಪೇಪರು ಹೋಗಲಿಲ್ಲ ನೋಡಿ. ನಾನು ಸೌಟು ಕೆಳಗಿಟ್ಟು ಹೊರಗೆ ಬಂದೆ. "ಪೇಪರಲ್ ಬರ್ಲಿಲ್ಲೆ. ಮಾಷ್ಟ್ರ್ ಸುಳ್ಳ್ ಓದಿದ್ದ್. ಅವ್ರ್ ತೋಳಲ್ಲೇ ದಾಕ್ ಇತ್ತ್, ನಾನೇ ಕಂಡಿದೆ" ಎಂದೆ. ಒಂದು ಗಳಿಗೆ ಎಲ್ಲರೂ ನನ್ನ ಮುಖ ನೋಡಿದರು. ಆಮೇಲೆ ಶೀನ ತೊಡೆ ತಟ್ಟಿ ನಕ್ಕ. "ಹೋ! ಅಣ್ಣಪ್ಪಂದ್ ಸುರು ಆಯ್ತ್!" ಎಲ್ಲರೂ ನಕ್ಕರು. ನಾನು ದೇವರಾಣೆ ಹಾಕಿದೆ, ಇನ್ನೂ ಹೆಚ್ಚು ನಕ್ಕರು. ಜೀವನವಿಡೀ ನಗಿಸಿದವ ಒಂದು ದಿನ ನಿಜ ಹೇಳಿದರೆ ಆಗುವುದು ಇಷ್ಟೇ. ನೀವು ಸುಳ್ಳು ಓದಿದಿರಿ, ಊರು ನಂಬಿತು. ನಾನು ನಿಜ ಹೇಳಿದೆ, ಊರು ನಕ್ಕಿತು.

ದಾಕಿನವ ಇನ್ನೊಂದು ದಿನ ಮಾತ್ರ ಇರುತ್ತೇನೆ ಎಂದಿದ್ದ. ಸಂಜೆ ನಿಮ್ಮ ಮನೆಗೆ ಹೋದೆ. ನಿಮ್ಮ ಹೆಂಡತಿಯನ್ನು ನಾನು ಅಮ್ಮ ಎಂದೇ ಕರೆಯುವುದು ನಿಮಗೆ ಗೊತ್ತು. ಜಗಲಿಯಲ್ಲಿ ನಿಂತೇ ಕೇಳಿದೆ, "ಅಮ್ಮ, ಮಾಷ್ಟ್ರ್ ದಾಕ್ ಹಾಕ್ಸಿದ್ದ್ ಏಗ್ಳ್?" ಅವರು ಬಾಗಿಲಿನ ಚೌಕಟ್ಟು ಹಿಡಿದುಕೊಂಡರು.

"ನೀನ್ ಒಂದಲ್ಲ ಒಂದ್ ದಿನ ಕೇಂತೆ ಅಂದೇಳಿ ಗೊತ್ತಿತ್ತ್ ಅಣ್ಣಪ್ಪ" ಎಂದರು. "ಆ ಹುಡ್ಗ ಬಂದ್ ಹೋದ್ ವಾರವೇ. ಕುಂದಾಪ್ರಕ್ಕೆ ಕರ್ಕಂಡ್ ಹೋಯ್ ನಂಗೂ ಮಗಳಿಗೂ ಹಾಕ್ಸಿದ್ರ್, ಅವ್ರೂ ಹಾಕ್ಸ್ಕಂಡ್ರ್."

"ಗಿರಿಜಂಗೆ ಬಪ್ಪುಕ್ ಮುಂಚೆಯಾ?"

"ಮುಂಚೆ."

ಅಮ್ಮ ಹೇಳಿದರು, "ಹೇಳ್ತೆ ಅಂದ್ರ್. ದಿನಾ ಬೆಳಿಗ್ಗೆ ನಿನ್ ಅಂಗ್ಡಿಗ್ ಹೊರಡುವತಿಗೆ, ಇವತ್ ಹೇಳ್ತೆ ಅಂದ್ಕಂಡೇ ಚಪ್ಪಲ್ ಹಾಕುದ್. ಬಂದ್ ಕೂಡ್ಲೆ ಕೇಂತಿದ್ದೆ. ನಾಳೆ ಅಂಬುದ್."

ಮಾಷ್ಟ್ರೇ, ಇದನ್ನು ಕೇಳಿ ಸಿಟ್ಟು ಇಳಿಯಬೇಕಿತ್ತು, ಅಲ್ಲವೇ? ಏರಿತು. ನೀವು ದಾಕನ್ನು ನಂಬದವರಾಗಿದ್ದರೆ, ಇಬ್ಬರೂ ಮೂರ್ಖರು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಿಮಗೆ ಗೊತ್ತಿತ್ತು. ಎರಡು ತಿಂಗಳು ದಿನಾ ನನ್ನ ಎದುರು ಕೂತು ಚಾ ಕುಡಿದಿರಿ. ಗಿರಿಜ ನಿಮ್ಮ ಪಕ್ಕದಲ್ಲಿಯೇ ಆಡುತ್ತಿದ್ದಳು. ‘ಅಣ್ಣಪ್ಪ, ನಾನು ಅಂದು ಹೇಳಿದ್ದು ತಪ್ಪು’, ಇಷ್ಟೇ. ಎಲ್ಲರ ಎದುರು ಬೇಡ, ಅಡುಗೆಕೋಣೆಗೆ ಬಂದು ಕಿವಿಯಲ್ಲಿ ಹೇಳಿದ್ದರೂ ಸಾಕಿತ್ತು. ನಾನು ಯಾರಿಗೂ ಹೇಳುತ್ತಿರಲಿಲ್ಲ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಂದಾಪುರಕ್ಕೆ ನಡೆದೇ ಹೋಗುತ್ತಿದ್ದೆ.

ಮಾರನೆ ದಿನ ಬೆಳಿಗ್ಗೆ ಬಸ್ಸು ಬರುವ ಮೊದಲೇ ಅಮ್ಮ ಬಂದರು. ಸೂತಕದ ವರ್ಷ ತುಂಬದೆ ಹೊಸ್ತಿಲು ದಾಟದವರು ನನ್ನ ಅಂಗಡಿ ಎದುರು ನಿಂತರು. ಜೊತೆಗೆ ನಿಮ್ಮ ಮಗಳು, ಅವಳ ಕಂಕುಳಲ್ಲಿ ಕೂಸು. ನೀವು ಕಾಣದ ಕೂಸು ಮಾಷ್ಟ್ರೇ. ನೀವು ಹೋಗಿ ನಾಲ್ಕು ತಿಂಗಳಿಗೆ ಹುಟ್ಟಿದ್ದು, ಹೆಣ್ಣು. ಮೂಗು ನಿಮ್ಮದೇ, ಪಾಪ. ಬೆಂಚಿನಲ್ಲಿದ್ದವರೆಲ್ಲ ಎದ್ದು ನಿಂತರು. ಅಮ್ಮ ಸೆರಗು ಎಳೆದುಕೊಂಡು, ನೆಲ ನೋಡುತ್ತಾ ಹೇಳಿದರು. "ಅಣ್ಣಪ್ಪ ಹೇಳಿದ್ದ್ ತಮಾಷಿ ಅಲ್ಲ. ಅವ್ರ್ ಓದಿದ್ದ್ ಪೇಪರಲ್ ಇರ್ಲಿಲ್ಲೆ. ನಮ್ಮನಿಯಲ್ ಎಲ್ಲರೂ ಹಾಕ್ಸ್ಕಂಡಿತ್." ಆಮೇಲೆ ದಾಕಿನವನ ಕಡೆ ತಿರುಗಿ, "ಸುರುವಿಗ್ ಈ ಕೂಸಿಗ್ ಹಾಕಿ" ಎಂದರು.

ಶೀನ ಗಡ್ಡ ಕೆರೆದುಕೊಂಡ. ಆಮೇಲೆ ನನ್ನ ಹತ್ತಿರ ಬಂದು, "ನೀನ್ ನೆಗಿ ಮಾಡ್ದೆ ಹೇಳುಕಾಯಿತ್ ಮಾರಾಯ" ಎಂದ. "ನಿನ್ನೆ ನೆಗಿ ಮಾಡ್ದವ ನೀನಲ್ದಾ?" ಎಂದೆ. ಅವನು ಮೊಮ್ಮಕ್ಕಳನ್ನು ಕರೆದು ತರಲು ಓಡಿದ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯಿಂದ ಅರಳಿಕಟ್ಟೆಯವರೆಗೆ ಸಾಲು. ನಾನೂ ಸೀತುವೂ ಚುಚ್ಚಿಸಿಕೊಂಡೆವು. ನಿಮ್ಮ ಮೊಮ್ಮಗಳು ಕೂಗಿದ್ದು ಬಸ್ಸಿನ ಹಾರನ್ನಿಗಿಂತ ಜೋರು.

ವರ್ಷದ ತಿಥಿಗೆ ಅಡುಗೆಗೆ ಬರಬೇಕು ಎಂದು ಅಮ್ಮ ಹೇಳಿದ್ದಾರೆ. ಬರುತ್ತೇನೆ. ಕಡಲೆಬೇಳೆ ಪಾಯಸ ನಿಮಗೆ ಹೇಗೆ ಬೇಕೋ ಹಾಗೆಯೇ ಮಾಡುತ್ತೇನೆ, ಅದರಲ್ಲಿ ಮೋಸ ಇಲ್ಲ. ಆದರೆ ಊಟಕ್ಕೆ ಕೂತವರು ‘ಮಾಷ್ಟ್ರಂಥವರು ಇನ್ನು ಹುಟ್ಟುವುದಿಲ್ಲ’ ಎಂದರೆ ನಾನು ಹೌದು ಎನ್ನುವುದಿಲ್ಲ. ಅಲ್ಲ ಎಂದೂ ಹೇಳುವುದಿಲ್ಲ. ಬಡಿಸುತ್ತಾ ಮುಂದೆ ಹೋಗುತ್ತೇನೆ.

ಇನ್ನೊಂದು ಉಂಟು. ಅದನ್ನು ನಿಮಗೆ ಬೇರೆ ಯಾರೂ ಹೇಳುವುದಿಲ್ಲ. ಅವತ್ತು ಸಾಲು ಮುಗಿಯುವಾಗ ಕೊನೆಯಲ್ಲಿ ನನ್ನ ಗಿರಿಜ ನಿಂತಿದ್ದಳು. ಈಗ ಹನ್ನೆರಡು ವರ್ಷ ಅವಳಿಗೆ. ಯಾರೂ ಕರೆದದ್ದಲ್ಲ, ಎಲ್ಲ ಮಕ್ಕಳು ನಿಂತದ್ದು ನೋಡಿ ತಾನೂ ನಿಂತಳು. ಸರದಿ ಬಂದಾಗ ರವಿಕೆಯ ತೋಳು ಮೇಲೆ ಮಾಡಿ ಕೈ ಚಾಚಿದಳು. ದಾಕಿನವ ಅವಳ ಮುಖ ನೋಡಿ, ಸೂಜಿ ಕೆಳಗಿಟ್ಟು, "ನಿಂಗ್ ಬೇಡ ಮಗಾ. ನಿಂಗ್ ಬಂದ್ ಹೋಯ್ತಲೆ" ಎಂದ.

ಅವಳು ತೋಳು ಕೆಳಗೆ ಮಾಡಿಕೊಂಡು ನನ್ನ ಕಡೆ ನೋಡಿದಳು. ನನ್ನ ಹತ್ತಿರ ಒಂದು ತಮಾಷೆಯೂ ಇರಲಿಲ್ಲ ಮಾಷ್ಟ್ರೇ.

ಅಣ್ಣಪ್ಪ